ಗಾಡಿ ಹೋಯಿತು, ಹೆಸರು ಉಳಿಯಿತು

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಕಾನೂನು ಮಾಹಿತಿ ಉಪನ್ಯಾಸದ ಬರಹ ರೂಪ)





ಹಿಂದಿನ ಸಭೆಗಳಲ್ಲಿ ಹೆಣ್ಣುಮಕ್ಕಳ ಆಸ್ತಿ ಹಕ್ಕು, ವರದಕ್ಷಿಣೆ, ಕೌಟುಂಬಿಕ ಹಿಂಸೆ ಇವುಗಳ ಬಗ್ಗೆ ಮಾತಾಡಿದ್ದೆವು. ಇವತ್ತಿನ ವಿಷಯ ವಾಹನದ ಮಾಲೀಕತ್ವ ಎಂದಾಗ ಹಿಂದಿನ ಸಾಲಿನಲ್ಲಿ ಕೆಲವರು ನಕ್ಕಿರಿ. "ಗಾಡಿ ವಿಷಯ ಗಂಡಸರಿಗೆ ಹೇಳಿ ಸಿಸ್ಟರ್, ನಮಗೆ ಓಡಿಸೋಕೇ ಬರಲ್ಲ" ಎಂಬ ಮಾತೂ ಕೇಳಿಸಿತು. ಓಡಿಸಲು ಬರದಿದ್ದರೆ ಇರಲಿ. ಆದರೆ ಈ ಸಭೆಯಲ್ಲಿ ಎಷ್ಟು ಜನರ ಹೆಸರಿನಲ್ಲಿ ಸ್ಕೂಟರ್ ಇದೆ, ಬೈಕ್ ಇದೆ, ಲಗೇಜ್ ಆಟೋ ಇದೆ? ಯೋಚಿಸಿ ನೋಡಿ. ಸಂಘದ ಸಾಲ ಹೆಂಗಸಿನ ಹೆಸರಿಗೆ ಸಿಗುತ್ತದೆ, ಹಾಗಾಗಿ ಗಾಡಿಯೂ ಅವಳ ಹೆಸರಿಗೇ ಬರುತ್ತದೆ. ಗಂಡನಿಗೆ ಬ್ಯಾಂಕಿನಲ್ಲಿ ಹಳೇ ಬಾಕಿ ಇದ್ದರೆ ಹೆಂಡತಿಯ ಹೆಸರಿನಲ್ಲಿ ಫೈನಾನ್ಸ್ ಮಾಡಿಸುತ್ತಾರೆ. ಓಡಿಸುವವನು ಮಗ, ದುಡಿಯುವವನು ಗಂಡ, ಮಾರುವವನು ಮೈದುನ, ಕಾಗದದಲ್ಲಿ ಮಾತ್ರ ನೀವು. "ಹೆಸರು ಮಾತ್ರ ನಂದು ಸಿಸ್ಟರ್, ಗಾಡಿ ನಂದಲ್ಲ" ಎನ್ನುತ್ತೀರಿ. ಕಾನೂನಿನ ಕಣ್ಣಿಗೆ ಅದು ಸರಿಯಾಗಿ ತಿರುಗಾಮುರುಗ. ಹೆಸರು ಯಾರದೋ ಗಾಡಿಯೂ ಅವರದು, ಅದರ ಹೊರೆಯೂ ಅವರದು.

ಈ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಇವತ್ತು ನೀವು ಬಂದದ್ದು ಸಾರ್ಥಕ. ಮಿಕ್ಕಿದ್ದೆಲ್ಲ ಅದರ ವಿವರಣೆ.

ಆರ್.ಸಿ. ಎಂದರೆ ಗಾಡಿಯ ಖಾತೆ

ಹಸು ಮಾರಿದರೆ ದುಡ್ಡು ಎಣಿಸಿಕೊಂಡು ಹಗ್ಗವನ್ನು ಕೊಂಡವರ ಕೈಗೆ ಕೊಟ್ಟುಬಿಡುತ್ತೇವೆ. ಅಲ್ಲಿಗೆ ವ್ಯಾಪಾರ ಮುಗಿಯಿತು. ಗಾಡಿಯನ್ನೂ ನಮ್ಮ ಜನ ಹೀಗೇ ಮಾರುತ್ತಾರೆ. ಬೀಗದ ಕೈ ಕೊಟ್ಟರು, ಆರ್.ಸಿ. ಕೊಟ್ಟರು, ಎರಡು ಖಾಲಿ ಫಾರಂಗೆ ಸಹಿ ಹಾಕಿದರು, ದುಡ್ಡು ತಗೊಂಡರು, ಆಯಿತು.

ಆದರೆ ಗಾಡಿ ಹಸುವಿನ ಹಾಗಲ್ಲ, ಜಮೀನಿನ ಹಾಗೆ. ಜಮೀನು ಮಾರಿ ಖಾತೆ ಬದಲಾಯಿಸದೇ ಇದ್ದರೆ ಪಹಣಿಯಲ್ಲಿ ಯಾರ ಹೆಸರು ಬರುತ್ತದೆ? ಹಳೇ ಮಾಲೀಕರದೇ. ಗಾಡಿಯ ಖಾತೆಯೇ ಆರ್.ಸಿ., ಅಂದರೆ ನೋಂದಣಿ ಪತ್ರ. 1988ರ ಮೋಟಾರು ವಾಹನ ಕಾಯ್ದೆಯ 2ನೇ ಕಲಂನಲ್ಲಿ ಮಾಲೀಕ ಎಂದರೆ ಯಾರು ಎಂದು ಬರೆದಿದೆ: ಯಾರ ಹೆಸರಿನಲ್ಲಿ ವಾಹನ ನೋಂದಣಿ ಆಗಿದೆಯೋ ಅವರೇ ಮಾಲೀಕರು. ಸಾಲದ ಕರಾರಿನ ಮೇಲೆ ಇರುವ ಗಾಡಿಯಾದರೆ ಆ ಕರಾರಿನಂತೆ ಗಾಡಿಯನ್ನು ಸ್ವಾಧೀನದಲ್ಲಿ ಇಟ್ಟುಕೊಂಡವರು ಮಾಲೀಕರು, ಫೈನಾನ್ಸ್ ಕಂಪನಿ ಅಲ್ಲ. ಯಾರು ಓಡಿಸಿದರು, ಯಾರ ಮನೆ ಮುಂದೆ ನಿಲ್ಲಿಸಿದ್ದರು ಎಂಬುದರಿಂದ ಮಾಲೀಕರು ಬದಲಾಗುವುದಿಲ್ಲ.

ಛಾಪಾ ಕಾಗದದಲ್ಲಿ ಕ್ರಯದ ಕರಾರು ಬರೆಸಿದ್ದೇವಲ್ಲ ಎಂದು ಕೆಲವರು ಕೇಳುತ್ತೀರಿ. ಬರೆಸಿದ್ದು ಒಳ್ಳೆಯದೇ, ಸಾಕ್ಷಿಗೆ ಬೇಕಾಗುತ್ತದೆ. ಆದರೆ ಆ ಕಾಗದ ನಿಮಗೂ ಕೊಂಡವರಿಗೂ ನಡುವಿನ ಮಾತು ಮಾತ್ರ. ಅಪಘಾತದಲ್ಲಿ ಕಾಲು ಕಳೆದುಕೊಂಡ ಮನುಷ್ಯನಿಗೆ ಅದು ಸಂಬಂಧವಿಲ್ಲ. ಅವನಿಗೆ ಕಾಣುವುದು ಆರ್.ಟಿ.ಓ. ಕಛೇರಿಯ ದಾಖಲೆಯಲ್ಲಿರುವ ಹೆಸರು.

ಸುಪ್ರೀಂ ಕೋರ್ಟ್ ಏನು ಹೇಳಿದೆ

2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಒಬ್ಬ ವ್ಯಕ್ತಿ 2007ರಲ್ಲಿ ತನ್ನ ಕಾರನ್ನು ಮಾರಿದ್ದರು. ಕೊಂಡವರು ಇನ್ನೊಬ್ಬರಿಗೆ ಕೊಟ್ಟರು, ಅವರು ಮತ್ತೊಬ್ಬರಿಗೆ. ಹೀಗೆ ಕಾರು ಕೈಯಿಂದ ಕೈಗೆ ಹೋಯಿತು. ಒಬ್ಬರೂ ಆರ್.ಸಿ.ಯಲ್ಲಿ ಹೆಸರು ಬದಲಾಯಿಸಲಿಲ್ಲ. 2009ರ ಮೇ ತಿಂಗಳಲ್ಲಿ ಆ ಕಾರನ್ನು ಹಿಂದಕ್ಕೆ ತೆಗೆಯುವಾಗ ಬೀದಿಯಲ್ಲಿ ನಡೆದು ಹೋಗುತ್ತಿದ್ದ ಹೆಂಗಸಿಗೂ ಅವರ ಜೊತೆಗಿದ್ದ ಹುಡುಗನಿಗೂ ಬಡಿಯಿತು. ಹುಡುಗ ಸ್ಥಳದಲ್ಲೇ ತೀರಿಕೊಂಡ. ಕಾರಿಗೆ ವಿಮೆ ಇರಲಿಲ್ಲ. ಪರಿಹಾರ ಯಾರು ಕೊಡಬೇಕು?

ಅಪಘಾತ ಪರಿಹಾರ ನ್ಯಾಯಮಂಡಳಿ ನೋಂದಾಯಿತ ಮಾಲೀಕರೇ ಕೊಡಬೇಕು ಎಂದಿತು. ಹೈಕೋರ್ಟ್ ಅದನ್ನು ಬದಲಾಯಿಸಿ, ಕಾರು ಯಾರ ಕೈಯಲ್ಲಿತ್ತೋ ಅವರು ಕೊಡಲಿ ಎಂದಿತು. ಕೊನೆಗೆ ಸುಪ್ರೀಂ ಕೋರ್ಟ್, ದಾಖಲೆಯಲ್ಲಿ ಹೆಸರು ಇರುವವರೇ ಮಾಲೀಕರು, ಹೊಣೆ ಅವರದೇ ಎಂದು ತೀರ್ಮಾನಿಸಿತು. ಎರಡು ವರ್ಷದ ಹಿಂದೆ ಕಾರು ಮಾರಿ, ಅದರ ಮುಖವನ್ನೇ ನೋಡದ ಮನುಷ್ಯ ಹೊಣೆ ಹೊರಬೇಕಾಯಿತು.

ಇದು ಅನ್ಯಾಯ ಅಲ್ಲವಾ ಸಿಸ್ಟರ್ ಎಂದು ನೀವು ಕೇಳಬಹುದು. ಇನ್ನೊಂದು ಕಡೆಯಿಂದಲೂ ನೋಡಿ. ಸತ್ತ ಹುಡುಗನ ಮನೆಯವರು ಗಾಡಿ ಯಾರಿಂದ ಯಾರಿಗೆ ಹೋಯಿತು ಎಂದು ಊರೂರು ಸುತ್ತಿ ಹುಡುಕಬೇಕೇ? ನೊಂದವರ ಮೇಲೆ ಆ ಭಾರ ಹಾಕಬಾರದು ಎಂಬುದೇ ನ್ಯಾಯಾಲಯದ ಕಾರಣ. ನಾಳೆ ಕೂಲಿಗೆ ಹೋದ ನಮ್ಮ ಸಂಘದ ಸದಸ್ಯೆಗೇ ಗಾಡಿ ಬಡಿದರೆ ಇದೇ ಕಾನೂನು ಅವಳ ಪರವಾಗಿ ನಿಲ್ಲುತ್ತದೆ. ಬಡವರನ್ನು ಕಾಯಲೆಂದು ಮಾಡಿದ ಕಾನೂನು ಬಡವರ ಅಜಾಗರೂಕತೆಯಿಂದ ಅವರ ಮೇಲೇ ತಿರುಗಬಾರದು. ಅದಕ್ಕಾಗಿಯೇ ಈ ಮಾತು.

ಹೆಸರಿನ ಜೊತೆ ಬರುವ ಹೊರೆಗಳು

ಅಪಘಾತವಾದಾಗ ಎರಡು ಬೇರೆ ಬೇರೆ ಪ್ರಕರಣ ನಡೆಯುತ್ತವೆ ಎಂಬುದನ್ನು ತಿಳಿದಿರಿ. ಅಜಾಗರೂಕತೆಯಿಂದ ಓಡಿಸಿದ್ದಕ್ಕೆ ಪೊಲೀಸರು ಹಾಕುವ ಕ್ರಿಮಿನಲ್ ಕೇಸು ಓಡಿಸಿದವನ ಮೇಲೆ. ದುಡ್ಡಿನ ಪರಿಹಾರದ ಕೇಸು ಮಾಲೀಕರ ಮೇಲೆ ಮತ್ತು ವಿಮಾ ಕಂಪನಿಯ ಮೇಲೆ. ವಿಮೆ ಚಾಲ್ತಿಯಲ್ಲಿದ್ದರೆ ಕಂಪನಿ ಕೊಡುತ್ತದೆ. ಗಾಡಿ ಮಾರಿದ ಮೇಲೆ ನೀವು ವಿಮೆ ಕಟ್ಟುವುದಿಲ್ಲ. ಆರ್.ಸಿ. ಬದಲಾಯಿಸದ ಮನುಷ್ಯ ವಿಮೆ ಕಟ್ಟುತ್ತಾನೆಂಬ ಭರವಸೆ ಏನು? ಆಗ ಪೂರ್ತಿ ಪರಿಹಾರ ನಿಮ್ಮ ತಲೆಗೆ. ಕಟ್ಟದಿದ್ದರೆ ಕಾಯ್ದೆಯ 174ನೇ ಕಲಂ ಪ್ರಕಾರ ಭೂಕಂದಾಯದ ಬಾಕಿ ವಸೂಲಿ ಮಾಡುವ ರೀತಿಯಲ್ಲೇ ಜಿಲ್ಲಾಧಿಕಾರಿಗಳ ಮೂಲಕ ವಸೂಲಿಗೆ ಬರಬಹುದು. ಮನೆ, ಜಮೀನು ಜಪ್ತಿಗೆ ಬರಬಹುದು.

ವಿಮೆ ಇದ್ದರೂ ಓಡಿಸಿದವನಿಗೆ ಲೈಸೆನ್ಸ್ ಇಲ್ಲದಿದ್ದರೆ, ಅಥವಾ ಬಾಡಿಗೆ ಗಾಡಿಗೆ ಬೇಕಾದ ಪರ್ಮಿಟ್ ಇಲ್ಲದಿದ್ದರೆ, ಕಂಪನಿ ಮೊದಲು ನೊಂದವರಿಗೆ ಕೊಟ್ಟು ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳುವಂತೆ ನ್ಯಾಯಾಲಯಗಳು ಆದೇಶ ಮಾಡುತ್ತವೆ.

ಇನ್ನು 18 ತುಂಬದ ಹುಡುಗ ಓಡಿಸಿ ಅಪರಾಧವಾದರೆ, 2019ರಲ್ಲಿ ತಂದ ತಿದ್ದುಪಡಿಯಂತೆ 199-ಎ ಕಲಂ ಪ್ರಕಾರ ಪೋಷಕರು ಅಥವಾ ಗಾಡಿಯ ಮಾಲೀಕರನ್ನೇ ತಪ್ಪಿತಸ್ಥರೆಂದು ಎಣಿಸಲಾಗುತ್ತದೆ. 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, 12 ತಿಂಗಳು ಗಾಡಿಯ ನೋಂದಣಿ ರದ್ದು. ಆ ಹುಡುಗನಿಗೆ 25 ವರ್ಷ ಆಗುವ ತನಕ ಲೈಸೆನ್ಸ್ ಸಿಗುವುದಿಲ್ಲ. ತಮಗೆ ಗೊತ್ತಿಲ್ಲದೆ ಆಯಿತು ಎಂದು ಅವರೇ ರುಜುವಾತು ಮಾಡಬೇಕು. ಮಗ ಹಟ ಮಾಡಿದ ಎಂದು ಕೀ ಕೊಡುವ ತಾಯಂದಿರು ಇದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿ.

ಸಿಗ್ನಲ್ ದಾಟಿದ ದಂಡ, ಹೆಲ್ಮೆಟ್ ಇಲ್ಲದ ದಂಡ ಎಲ್ಲವೂ ದಾಖಲೆಯಲ್ಲಿರುವ ಹೆಸರಿಗೇ ಬರುತ್ತವೆ. ಮರಳು ಕದ್ದು ಸಾಗಿಸಿದರೂ, ಸರಗಳ್ಳತನಕ್ಕೆ ಬಳಸಿದರೂ ಪೊಲೀಸರು ಮೊದಲು ಬರುವುದು ನಂಬರಿನ ಹಿಂದಿರುವ ಹೆಸರನ್ನು ಹುಡುಕಿಕೊಂಡು. ಓಡಿಸಿದವರು ಯಾರು ಎಂಬ ಮಾಹಿತಿ ಕೊಡುವುದು 133ನೇ ಕಲಂ ಪ್ರಕಾರ ಮಾಲೀಕರ ಕರ್ತವ್ಯ. ಗೊತ್ತಿಲ್ಲ ಎಂದು ಹೇಳಿ ಕೈ ತೊಳೆದುಕೊಳ್ಳಲು ಆಗುವುದಿಲ್ಲ.

ನಮ್ಮ ಕಾರ್ಯಕ್ಷೇತ್ರದ ಒಬ್ಬ ಸದಸ್ಯೆಯ ಮನೆಗೆ ಬೇರೆ ಜಿಲ್ಲೆಯ ನ್ಯಾಯಾಲಯದಿಂದ ನೋಟೀಸು ಬಂತು. ಹೂವು ಸಾಗಿಸಲು ತೆಗೆದಿದ್ದ ಲಗೇಜ್ ಆಟೋವನ್ನು ಅವರ ಯಜಮಾನರು ಒಬ್ಬ ಬ್ರೋಕರಿಗೆ ಮಾರಿ ವರ್ಷ ದಾಟಿತ್ತು. "ನಮ್ದಲ್ಲದ ಗಾಡಿ, ನಮಗ್ಯಾಕೆ" ಎಂದು ಆ ಕಾಗದವನ್ನು ದೇವರ ಪಟದ ಹಿಂದೆ ಇಟ್ಟುಬಿಟ್ಟರು. ಹಾಜರಾಗದೇ ಇದ್ದುದರಿಂದ ಏಕಪಕ್ಷೀಯವಾಗಿ ತೀರ್ಪಾಯಿತು. ವಸೂಲಿಗೆ ಬಂದಾಗಲೇ ಸಂಘಕ್ಕೆ ವಿಷಯ ಗೊತ್ತಾದದ್ದು. ಉಚಿತ ಕಾನೂನು ನೆರವಿನ ವಕೀಲರ ಮೂಲಕ ಪ್ರಕರಣವನ್ನು ಮತ್ತೆ ವಿಚಾರಣೆಗೆ ತೆಗೆಸಲಾಯಿತು, ಮೊತ್ತ ಸ್ವಲ್ಪ ಕಡಿಮೆಯಾಯಿತು. ಆದರೆ ಹೊಣೆ ತಪ್ಪಲಿಲ್ಲ, ಯಾಕೆಂದರೆ ಆರ್.ಸಿ.ಯಲ್ಲಿ ಹೆಸರು ಅವರದೇ ಇತ್ತು, ವಿಮೆ ಮುಗಿದು ತಿಂಗಳುಗಳಾಗಿದ್ದವು. ಮಗಳ ಮದುವೆಗೆಂದು ಕೂಡಿಟ್ಟದ್ದು ಅದಕ್ಕೇ ಹೋಯಿತು. ಗಾಡಿ ಮಾರಿ ಬಂದ ದುಡ್ಡಿಗಿಂತ ಕಟ್ಟಿದ ದುಡ್ಡೇ ಹೆಚ್ಚು. ನ್ಯಾಯಾಲಯದ ಕಾಗದ ಯಾವುದೇ ಬರಲಿ, ನಿಮ್ಮದಲ್ಲ ಅನಿಸಿದರೂ ಸರಿ, ಅದೇ ದಿನ ಓದಬಲ್ಲವರಿಗೆ ತೋರಿಸಿ.

ಮೋಸ ನಡೆಯುವ ದಾರಿಗಳು

ಇಷ್ಟು ಹೊತ್ತು ಹೇಳಿದ್ದು ಅಸಡ್ಡೆಯ ವಿಷಯ. ಇನ್ನು ಬೇಕೆಂದೇ ಮಾಡುವ ಮೋಸ.

ಮೊದಲನೆಯದು ಕದ್ದ ಗಾಡಿ. ಚಾಸಿ ನಂಬರ್ ಉಜ್ಜಿ ಬೇರೆ ನಂಬರ್ ಕೊರೆದು, ಗುಜರಿಗೆ ಹೋದ ಗಾಡಿಯ ಆರ್.ಸಿ. ಜೋಡಿಸಿ ಮಾರುತ್ತಾರೆ. 1930ರ ಸರಕು ಮಾರಾಟ ಕಾಯ್ದೆಯ ಮೂಲ ನಿಯಮವೇನೆಂದರೆ, ತನ್ನದಲ್ಲದ ವಸ್ತುವನ್ನು ಮಾರಿದವನಿಂದ ಕೊಂಡವರಿಗೆ ಅದರ ಒಡೆತನ ಬರುವುದಿಲ್ಲ. ನೀವು ಒಳ್ಳೆಯ ಮನಸ್ಸಿನಿಂದಲೇ ದುಡ್ಡು ಕೊಟ್ಟಿರಬಹುದು, ಆದರೂ ಗಾಡಿ ನಿಜವಾದ ಮಾಲೀಕರಿಗೆ ವಾಪಸು ಹೋಗುತ್ತದೆ. ನಿಮ್ಮ ದುಡ್ಡಿಗೆ ಮಾರಿದವನನ್ನು ಹುಡುಕಬೇಕು.

ಎರಡನೆಯದು ಫೈನಾನ್ಸ್ ಬಾಕಿ ಇರುವ ಗಾಡಿ. ಆರ್.ಸಿ.ಯಲ್ಲಿ ಫೈನಾನ್ಸ್ ಕಂಪನಿಯ ಹೆಸರು ನಮೂದಾಗಿದ್ದರೆ, ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ಹೆಸರು ವರ್ಗಾವಣೆ ಮಾಡುವಂತಿಲ್ಲ ಎಂದು 51ನೇ ಕಲಂ ಹೇಳುತ್ತದೆ. "ಉಳಿದ ಕಂತು ನೀವು ಕಟ್ಕೊಂಡು ಹೋಗಿ" ಎಂದು ಬಾಯಿಮಾತಿನಲ್ಲಿ ಮಾರುವವರು ಬಹಳ. ಕೊಂಡವನು ಕಂತು ಕಟ್ಟಲಿಲ್ಲವೋ, ಸಾಲಗಾರ್ತಿ ನೀವೇ. ಕೊಂಡವರು ನೀವಾಗಿದ್ದರೆ, ಒಂದು ದಿನ ಕಂಪನಿಯವರು ಗಾಡಿ ಎಳೆದುಕೊಂಡು ಹೋಗುತ್ತಾರೆ. ನಕಲಿ ತೀರುವಳಿ ಪತ್ರ ತಯಾರಿಸಿ ಕೊಡುವವರೂ ಇದ್ದಾರೆ. ಪತ್ರವನ್ನು ನಂಬಬೇಡಿ, ಫೈನಾನ್ಸ್ ಕಛೇರಿಗೇ ಹೋಗಿ ವಿಚಾರಿಸಿ.

ಮೂರನೆಯದು ಹೊರ ರಾಜ್ಯದ ಗಾಡಿ. ಗುಂಡ್ಲುಪೇಟೆ ಕಡೆಯವರಿಗೆ ಇದು ಚೆನ್ನಾಗಿ ಗೊತ್ತು. ಆ ಕಡೆ ಕೇರಳ, ಈ ಕಡೆ ತಮಿಳುನಾಡು, ಅಗ್ಗಕ್ಕೆ ಗಾಡಿ ಬರುತ್ತದೆ. ಹೊರ ರಾಜ್ಯದ ಗಾಡಿಯನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿನ ನಂಬರ್ ಪಡೆಯಲೇಬೇಕು. ಅದಕ್ಕೆ ಅಲ್ಲಿನ ಆರ್.ಟಿ.ಓ.ದಿಂದ ನಿರಾಕ್ಷೇಪಣಾ ಪತ್ರ, ಅಂದರೆ 28ನೇ ನಮೂನೆಯ ಎನ್.ಓ.ಸಿ. ಬೇಕು. ಕಳುವಿನ ದೂರು ಇಲ್ಲವೆಂದು ಪೊಲೀಸ್ ವರದಿ ಪಡೆದು, ತೆರಿಗೆ ಬಾಕಿ ಇಲ್ಲವೆಂದು ನೋಡಿಯೇ ಅದನ್ನು ಕೊಡುತ್ತಾರೆ. ಇಲ್ಲಿ ಮತ್ತೆ ರಸ್ತೆ ತೆರಿಗೆ ಕಟ್ಟಬೇಕಾಗುತ್ತದೆ. ಎನ್.ಓ.ಸಿ. ಇಲ್ಲದೆ ಅಗ್ಗಕ್ಕೆ ಕೊಡುವ ಗಾಡಿಯಲ್ಲಿ ಏನೋ ಇದೆ ಎಂದೇ ತಿಳಿಯಿರಿ.

ನಾಲ್ಕನೆಯದು ಮನೆಯೊಳಗಿನ ಮೋಸ. ಇದನ್ನು ಹೇಳಲು ನಮಗೂ ಸಂಕಟ. ಹೆಂಡತಿಯ ಸಹಿಯನ್ನು ಗಂಡನೇ ಹಾಕಿ ಅವಳ ಸ್ಕೂಟರ್ ಮಾರುವುದು. ಗಂಡ ತೀರಿಕೊಂಡ ಮೇಲೆ ಅವನ ಸಹಿಯನ್ನೇ ಹಾಕಿ, ಬದುಕಿದ್ದಾಗಲೇ ಮಾರಿದ ಹಾಗೆ ಹಿಂದಿನ ತಾರೀಕು ಬರೆದು, ವಿಧವೆಗೂ ಮಕ್ಕಳಿಗೂ ಬರಬೇಕಾದ ಬೈಕನ್ನು ಮೈದುನನೋ ಭಾವನೋ ಮಾರಿಬಿಡುವುದು. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಸಂಬಂಧಿಕರು ಮಾಡಿದರೂ ಸುಳ್ಳು ಸಹಿ ಸುಳ್ಳು ಸಹಿಯೇ.

ಶಿಕ್ಷೆ ಏನು

2024ರ ಜುಲೈ 1ರಿಂದ ಹಳೆಯ ಭಾರತೀಯ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಮೋಸಗಾರನನ್ನು ನಾವು "420" ಎಂದು ಬಯ್ಯುತ್ತೇವಲ್ಲ, ಆ 420 ಈಗ 318ನೇ ಕಲಂನ ಒಳಗಿದೆ. ಮೋಸ ಮಾಡಿ ಹಣ ಅಥವಾ ವಸ್ತು ಪಡೆದರೆ 7 ವರ್ಷದವರೆಗೆ ಜೈಲು ಮತ್ತು ದಂಡ. ಮೋಸಕ್ಕಾಗಿ ಸುಳ್ಳು ದಾಖಲೆ ಸೃಷ್ಟಿಸಿದರೆ 336ನೇ ಕಲಂ, ಅದಕ್ಕೂ 7 ವರ್ಷದವರೆಗೆ. ಸುಳ್ಳು ದಾಖಲೆ ಎಂದು ಗೊತ್ತಿದ್ದೂ ಅದನ್ನು ನಿಜವೆಂದು ಬಳಸಿದರೆ 340ನೇ ಕಲಂ, ತಯಾರಿಸಿದವನಿಗೆ ಆಗುವ ಶಿಕ್ಷೆಯೇ ಬಳಸಿದವನಿಗೂ. ಕದ್ದ ಮಾಲು ಎಂದು ಗೊತ್ತಿದ್ದು, ಅಥವಾ ಗೊತ್ತಾಗುವಂಥ ಕಾರಣ ಇದ್ದೂ ಅಪ್ರಾಮಾಣಿಕವಾಗಿ ಇಟ್ಟುಕೊಂಡರೆ 317ನೇ ಕಲಂ, 3 ವರ್ಷದವರೆಗೆ. "ಗೊತ್ತಾಗುವಂಥ ಕಾರಣ" ಎಂಬ ಮಾತನ್ನು ಗಮನಿಸಿ. ಅರವತ್ತು ಸಾವಿರದ ಗಾಡಿಯನ್ನು ಕಾಗದ ಇಲ್ಲದೆ ಹದಿನೈದು ಸಾವಿರಕ್ಕೆ ಕೊಡುತ್ತೇನೆಂದರೆ ಸಂಶಯ ಪಡಲು ಅದೇ ಸಾಕಷ್ಟು ಕಾರಣವಲ್ಲವೇ?

ಸುಳ್ಳು ದಾಖಲೆ ಕೊಟ್ಟು ನೋಂದಣಿ ಮಾಡಿಸಿದ್ದರೆ, ಅಥವಾ ಗಾಡಿಯ ಚಾಸಿ ನಂಬರ್, ಎಂಜಿನ್ ನಂಬರ್ ಆರ್.ಸಿ.ಗೆ ಹೊಂದದಿದ್ದರೆ, ಮಾಲೀಕರ ಮಾತು ಕೇಳಿ ಆ ನೋಂದಣಿಯನ್ನೇ ರದ್ದು ಮಾಡಬೇಕೆಂದು ಮೋಟಾರು ವಾಹನ ಕಾಯ್ದೆಯ 55ನೇ ಕಲಂ ಹೇಳುತ್ತದೆ. ಆಮೇಲೆ ಆ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ಮನೆ ಮುಂದೆ ಕೋಳಿ ಕೂರಲು ಮಾತ್ರ.

ಮಾರುವಾಗ, ಕೊಳ್ಳುವಾಗ

ಸರಿಯಾದ ದಾರಿ ಕಷ್ಟದ್ದೇನಲ್ಲ. ದ್ವಿಚಕ್ರ ವಾಹನಕ್ಕಾದರೆ ಸರ್ಕಾರಿ ಶುಲ್ಕವೂ ಕೆಲವು ನೂರು ರೂಪಾಯಿ ಅಷ್ಟೇ.

ಮಾರಿದವರು 14 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕು, ಅದು 29ನೇ ನಮೂನೆ. ಕೊಂಡವರು 30 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು, ಅದು 30ನೇ ನಮೂನೆ. ಇದು 50ನೇ ಕಲಂ. ಅಂದರೆ ತಿಳಿಸುವ ಕರ್ತವ್ಯ ಕೊಂಡವರದು ಮಾತ್ರವಲ್ಲ, ಮಾರಿದವರದೂ ಹೌದು. ಖಾಲಿ ನಮೂನೆಗೆ ಎಂದಿಗೂ ಸಹಿ ಹಾಕಬೇಡಿ. ಕೊಂಡವರ ಹೆಸರು, ವಿಳಾಸ, ತಾರೀಕು ತುಂಬಿದ ಮೇಲೆಯೇ ಸಹಿ. ಕೊಂಡವರ ಆಧಾರ್ ಪ್ರತಿ, ಫೋಟೋ, ಗಾಡಿ ಒಪ್ಪಿಸಿದ ತಾರೀಕು ಮತ್ತು ಗಂಟೆ ಬರೆದ ಡೆಲಿವರಿ ಚೀಟಿ, ಎಲ್ಲದರ ಜೆರಾಕ್ಸ್ ನಿಮ್ಮ ಹತ್ತಿರ ಇರಲಿ.

ಈಗ ಅರ್ಜಿ ಪರಿವಾಹನ್ ಜಾಲತಾಣದ ಮೂಲಕ ಹೋಗುತ್ತದೆ, ನಿಮ್ಮ ಮೊಬೈಲಿಗೆ ಓ.ಟಿ.ಪಿ. ಬರುತ್ತದೆ. ಓ.ಟಿ.ಪಿ.ಯೂ ಒಂದು ಸಹಿಯೇ ಎಂದು ತಿಳಿಯಿರಿ. ಫೋನಿನಲ್ಲಿ ಯಾರೋ ಕೇಳಿದರೆಂದು ಹೇಳಿಬಿಡುವುದು ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ಹಾಗೆ.

ಅರ್ಜಿ ಕೊಟ್ಟರೆ ಮುಗಿಯಲಿಲ್ಲ. ಎಂ-ಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ನೋಡುತ್ತಿರಿ, ಹೆಸರು ಬದಲಾಗುವವರೆಗೂ ನೋಡಿ. ಪೂರ್ತಿ ಹೆಸರು ಕಾಣದಿದ್ದರೂ ಬದಲಾಗಿದೆಯೋ ಇಲ್ಲವೋ ತಿಳಿಯುತ್ತದೆ. ಕೊಂಡವರು ಎಳೆದಾಡುತ್ತಿದ್ದರೆ 29ನೇ ನಮೂನೆಯನ್ನು ನೀವೇ ಸಲ್ಲಿಸಿ ಸ್ವೀಕೃತಿ ಪಡೆಯಿರಿ, ಕೊಂಡವರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟೀಸು ಕಳುಹಿಸಿ. ಅದರಿಂದ ಹೊಣೆ ಪೂರ್ತಿ ಕಳಚಿತು ಎಂದಲ್ಲ, ಆದರೆ ಮುಂದೆ ಅವರಿಂದ ವಸೂಲಿ ಮಾಡಲು ಅದೇ ದೊಡ್ಡ ಆಧಾರ.

ಅಂಗಡಿಗೆ ಮಾರುವುದಾದರೆ, 2023ರ ಏಪ್ರಿಲ್ 1ರಿಂದ ಹಳೇ ವಾಹನಗಳ ಡೀಲರುಗಳು ಆರ್.ಟಿ.ಓ.ದಿಂದ ದೃಢೀಕರಣ ಪತ್ರ ಪಡೆಯುವ ನಿಯಮ ಬಂದಿದೆ. ಅಂಥ ಡೀಲರಿಗೆ ಗಾಡಿ ಒಪ್ಪಿಸಿ 29-ಸಿ ನಮೂನೆಯಲ್ಲಿ ಆನ್‌ಲೈನ್ ಮಾಹಿತಿ ಕೊಟ್ಟರೆ ಹೊಣೆ ಡೀಲರ ಕಡೆ ಹೋಗುತ್ತದೆ. ರಸ್ತೆ ಬದಿಯ ಬ್ರೋಕರಿಗೆ ಇದು ಅನ್ವಯಿಸುವುದಿಲ್ಲ. "ನಿಮ್ಮ ದೃಢೀಕರಣ ಪತ್ರ ತೋರಿಸಿ" ಎಂದು ಧೈರ್ಯವಾಗಿ ಕೇಳಿ.

ಕೊಳ್ಳುವವರು ಆರ್.ಸಿ.ಯ ನಂಬರನ್ನು ಗಾಡಿಯ ಮೇಲಿನ ಚಾಸಿ, ಎಂಜಿನ್ ನಂಬರ್ ಜೊತೆ ಮೆಕ್ಯಾನಿಕ್ ಕರೆದುಕೊಂಡು ಹೋಗಿ ಹೋಲಿಸಿ. ಫೈನಾನ್ಸ್ ಇದ್ದದ್ದು ತೀರಿದ್ದರೆ 35ನೇ ನಮೂನೆ ಕೊಟ್ಟು ಕಂಪನಿಯ ಹೆಸರನ್ನು ತೆಗೆಸಿದ ಮೇಲೆಯೇ ಪೂರ್ತಿ ಹಣ ಕೊಡಿ. ತೆರಿಗೆ, ವಿಮೆ, ದಂಡದ ಬಾಕಿ ನೋಡಿ. ಬಾಡಿಗೆ ಆಟೋ ಆದರೆ ಪರ್ಮಿಟ್ ಬೇರೆಯಾಗಿ ವರ್ಗಾವಣೆ ಆಗಬೇಕು. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಕಂಪನಿಗೆ ಅರ್ಜಿ ಕೊಡಿ. ಬೇರೆಯವರಿಗೆ ಆಗುವ ಹಾನಿಯ ವಿಮೆ ಗಾಡಿಯ ಜೊತೆಗೇ ಬರುತ್ತದೆ, ಆದರೆ ನಿಮ್ಮ ಗಾಡಿ ಕಳುವಾದರೆ, ಜಖಂ ಆದರೆ ಸಿಗುವ ವಿಮೆ ತಾನಾಗಿಯೇ ಬರುವುದಿಲ್ಲ. ಕಂಪನಿ ಒಪ್ಪಿ ನಿಮ್ಮ ಹೆಸರು ಸೇರಿಸಬೇಕು.

ಗಂಡ ತೀರಿಕೊಂಡಾಗ

ದುಃಖದ ಮನೆಯಲ್ಲಿ ಗಾಡಿಯ ಕಾಗದ ಯಾರಿಗೂ ನೆನಪಾಗುವುದಿಲ್ಲ. ಆದರೂ 30 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕು. ಹಾಗೆ ತಿಳಿಸಿದರೆ 3 ತಿಂಗಳ ತನಕ ವಾರಸುದಾರರು ಗಾಡಿ ಬಳಸಬಹುದು. ಆ 3 ತಿಂಗಳೊಳಗೆ 31ನೇ ನಮೂನೆಯಲ್ಲಿ ಅರ್ಜಿ, ಮರಣ ಪತ್ರ, ವಾರಸುದಾರರ ಬಗ್ಗೆ ದಾಖಲೆ, ಇತರ ವಾರಸುದಾರರ ಒಪ್ಪಿಗೆ ಕೊಟ್ಟು ಹೆಸರು ಬದಲಾಯಿಸಿಕೊಳ್ಳಬೇಕು. 2021ರಿಂದ ಆರ್.ಸಿ.ಯಲ್ಲಿ ನಾಮಿನಿ ಹೆಸರು ಬರೆಸಲು ಅವಕಾಶ ಬಂದಿದೆ, ಈಗಲೇ ಬರೆಸಿಡಿ. ಹೆಂಡತಿಗೂ ಮಕ್ಕಳಿಗೂ ಹಕ್ಕಿದೆ. ತಿಥಿಯ ದಿನ ನೆಂಟರು ಮುಂದಿಡುವ ಕಾಗದಕ್ಕೆ ಓದದೇ ಸಹಿ ಹಾಕಬೇಡಿ.

ಸಂಘದ ಜವಾಬ್ದಾರಿ

ಇದು ಒಬ್ಬಳ ಮನೆಯ ವಿಷಯವಲ್ಲ. ಸಂಘದಿಂದ ಸಾಲ ತೆಗೆದು ಹಳೇ ಗಾಡಿ ಕೊಂಡು, ಅದು ಕದ್ದ ಗಾಡಿಯೆಂದು ಪೊಲೀಸರು ಒಯ್ದರೆ ಬ್ಯಾಂಕು ಸಾಲ ಮನ್ನಾ ಮಾಡುವುದಿಲ್ಲ. ಆ ಸದಸ್ಯೆಯ ಕಂತು ನಿಲ್ಲುತ್ತದೆ, ಮಿಕ್ಕ ಸದಸ್ಯೆಯರು ತುಂಬಬೇಕು, ಮನಸ್ತಾಪ ಶುರುವಾಗುತ್ತದೆ. ಹತ್ತು ವರ್ಷ ಕಟ್ಟಿದ ಸಂಘ ಒಂದು ಗಾಡಿಯಿಂದ ಒಡೆಯಬಹುದು.

ಆದ್ದರಿಂದ ಪ್ರತಿ ಸಂಘ ಮುಂದಿನ ವಾರದ ಸಭೆಯಲ್ಲಿ ಹೀಗೆ ನಿರ್ಣಯ ಬರೆಯಲಿ ಎಂದು ನಾವು ಕೇಳಿಕೊಳ್ಳುತ್ತೇವೆ:

1. ಹಳೇ ಗಾಡಿಗೆ ಸಾಲ ಕೇಳಿದರೆ ಆರ್.ಸಿ., ವಿಮೆ, ಫೈನಾನ್ಸ್ ತೀರುವಳಿ ನೋಡದೆ ಸಾಲ ಕೊಡುವುದಿಲ್ಲ.

2. ಇಬ್ಬರು ಸದಸ್ಯೆಯರು ಎಂ-ಪರಿವಾಹನ್‌ನಲ್ಲಿ ನಂಬರ್ ಪರಿಶೀಲಿಸಿ ನಡಾವಳಿ ಪುಸ್ತಕದಲ್ಲಿ ಬರೆಯುತ್ತಾರೆ.

3. ಸಾಲದ ಕೊನೆಯ ಭಾಗವನ್ನು ಆರ್.ಸಿ. ಸದಸ್ಯೆಯ ಹೆಸರಿಗೆ ಬಂದ ಮೇಲೆಯೇ ಕೊಡುತ್ತೇವೆ.

4. ಸದಸ್ಯೆಯರ ಹೆಸರಿನಲ್ಲಿರುವ ಎಲ್ಲ ಗಾಡಿಗಳ ನಂಬರ್, ವಿಮೆ ಮುಗಿಯುವ ತಾರೀಕು ಒಂದು ಪಟ್ಟಿ ಮಾಡುತ್ತೇವೆ. ಮಾರಿಯೂ ಹೆಸರು ಉಳಿದಿರುವ ಗಾಡಿಗಳಿಗೆ ಕೆಂಪು ಗುರುತು ಹಾಕುತ್ತೇವೆ.

ಈ ನಾಲ್ಕನೇ ಪಟ್ಟಿ ಮಾಡಿದಾಗಲೇ ನಿಮಗೆ ನಿಜ ಸ್ಥಿತಿ ಗೊತ್ತಾಗುವುದು.

ಮೋಸ ಆಗಿಹೋಗಿದ್ದರೆ

ಸುಮ್ಮನೆ ಅಳುತ್ತಾ ಕೂರಬೇಡಿ, ನಾಚಿಕೊಂಡು ಮುಚ್ಚಿಡಬೇಡಿ. ಕಾಗದಗಳನ್ನೆಲ್ಲ ಒಟ್ಟು ಮಾಡಿ ಪೊಲೀಸ್ ಠಾಣೆಯಲ್ಲಿ ಲಿಖಿತ ದೂರು ಕೊಡಿ, ಎಫ್.ಐ.ಆರ್. ಪ್ರತಿ ಉಚಿತವಾಗಿ ಪಡೆಯುವುದು ನಿಮ್ಮ ಹಕ್ಕು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬಹುದು. ಆರ್.ಟಿ.ಓ.ಗೂ ಅದೇ ದಿನ ಲಿಖಿತವಾಗಿ ತಿಳಿಸಿ, ಸ್ವೀಕೃತಿ ತಗೊಳ್ಳಿ.

ವಕೀಲರಿಗೆ ದುಡ್ಡಿಲ್ಲ ಎಂದು ಹಿಂಜರಿಯಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಸಮಿತಿ ಇದೆ. ಸಹಾಯವಾಣಿ 15100. ಈ ನಂಬರನ್ನು ಸಂಘದ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ.

ಮೋಸ ಮಾಡಿದವನು ಮನೆಯವನೇ ಆದರೆ ದೂರು ಕೊಡುವುದು ಸುಲಭವಲ್ಲ, ನಮಗೆ ಗೊತ್ತು. ಮೊದಲು ನಮ್ಮ ಕುಟುಂಬ ಸಲಹಾ ಕೇಂದ್ರಕ್ಕೆ ಬನ್ನಿ. ಕೂತು ಮಾತಾಡಿ, ಹೆಸರು ಸರಿಪಡಿಸುವ ದಾರಿ ಇದ್ದರೆ ಅದನ್ನೇ ಮೊದಲು ನೋಡೋಣ. ಆದರೆ ಮರ್ಯಾದೆಗೆ ಅಂಜಿ ತಿಂಗಳುಗಟ್ಟಲೆ ಸುಮ್ಮನಿದ್ದರೆ, ಆ ಗಾಡಿ ಅಷ್ಟೂ ದಿನ ನಿಮ್ಮ ಹೆಸರಿನಲ್ಲೇ ರಸ್ತೆಯಲ್ಲಿ ಓಡುತ್ತಿರುತ್ತದೆ ಎಂಬುದು ನೆನಪಿರಲಿ.

ಸಹೋದರಿಯರೇ, ಸಂಘ ಸೇರಿದ ಹೊಸದರಲ್ಲಿ ನಿಮ್ಮಲ್ಲಿ ಎಷ್ಟೋ ಜನ ಹೆಬ್ಬೆಟ್ಟು ಬಿಟ್ಟು ಸಹಿ ಮಾಡಲು ಕಲಿತಿರಿ. ಅಂದು ನಿಮ್ಮ ಮುಖದಲ್ಲಿದ್ದ ಸಂತೋಷ ನಾವು ಮರೆತಿಲ್ಲ. ಕಷ್ಟಪಟ್ಟು ಕಲಿತ ಆ ಸಹಿಗೆ ಬೆಲೆ ಇದೆ. ಅದನ್ನು ಖಾಲಿ ಕಾಗದಕ್ಕೆ ಕೊಡಬೇಡಿ. ಮನೆಗೆ ಹೋದ ಕೂಡಲೇ ಪೆಟ್ಟಿಗೆಯಿಂದ ಆರ್.ಸಿ. ತೆಗೆದು ಯಾರ ಹೆಸರಿದೆ ನೋಡಿ. ಗಾಡಿ ಇಲ್ಲ, ಹೆಸರು ಮಾತ್ರ ಉಳಿದಿದೆ ಎಂದಾದರೆ ನಾಳೆಯೇ ಆರ್.ಟಿ.ಓ. ಕಛೇರಿಗೆ ಹೊರಡಿ. ಒಬ್ಬರೇ ಹೋಗಬೇಕಾಗಿಲ್ಲ, ನಮ್ಮ ಕಾರ್ಯಕರ್ತೆಯರು ಜೊತೆಗೆ ಬರುತ್ತಾರೆ.

 ದೇವರು ನಿಮ್ಮನ್ನೂ ನಿಮ್ಮ ಕುಟುಂಬಗಳನ್ನೂ ಹರಸಲಿ.